ಗುಡ್ಡದ ಬುಡವನ್ನು ಉಳಿಸೋಣ



ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡನ್ನು ಸರ್ಕಾರ 2011ರಲ್ಲಿ ಕೊಂಡುಕುರಿ ವನ್ಯಜೀವಿ ಧಾಮವೆಂದು ಘೋಷಿಸಿತು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಪುಟ್ಟ ಪ್ರಾಣಿಗೆ ಅಡಗಲು ಎತ್ತರದ ಹುಲ್ಲು, ಕುರುಚಲು ಪೊದೆ, ಕುಡಿಯಲು ಹತ್ತಿರದಲ್ಲೇ ನೀರು ಬೇಕು. ಅದನ್ನು ಮರೆಮಾಡುವ ಹುಲ್ಲೇ ನಿಮ್ಮ ಹೊಲದ ಮಣ್ಣನ್ನೂ ಹಿಡಿದಿಡುತ್ತದೆ.

ಧಾಮದ ಎಲ್ಲೆಯೊಳಗಿನ ಕಾಡನ್ನು ಅರಣ್ಯ ಇಲಾಖೆ ಕಾಯುತ್ತದೆ. ಎಲ್ಲೆಯಾಚೆಯ ಗೋಮಾಳ, ಹಳ್ಳ, ಬೀಳು ನೆಲವನ್ನು ಕಾಯುವವರು ನಾವೇ. ಗುಡ್ಡದ ಬುಡದ ಗೋಮಾಳವನ್ನು ಉತ್ತು ಮೆಕ್ಕೆಜೋಳ ಬಿತ್ತಿದರೆ ನಾಲ್ಕಾರು ವರ್ಷ ಫಸಲು ಬಂದೀತು. ಆಮೇಲೆ ಮೇಲ್ಮಣ್ಣು ಕೊಚ್ಚಿಹೋಗಿ ಕೆರೆಯಲ್ಲಿ ಹೂಳು ತುಂಬುತ್ತದೆ; ಕೆಳಗಿನ ಹೊಲದವರ ಬಾವಿಗೆ ನೀರು ಇಂಗುವುದು ಕಡಿಮೆಯಾಗುತ್ತದೆ.

“ಹೊಟ್ಟೆಪಾಡು ಮೊದಲಲ್ಲವೇ?” ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸ್ವಂತ ಹೊಲ ಬಿಡಿರೆಂದು ನಾವು ಹೇಳುತ್ತಿಲ್ಲ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಅದರ ಮೇಲೆ ಹುಲ್ಲು, ಹೊಂಗೆ, ಬೇವು ಬೆಳೆಸಿರಿ. ಮಣ್ಣೂ ಉಳಿದೀತು, ಮೇವು, ಸೊಪ್ಪೂ ಸಿಕ್ಕೀತು. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಹಚ್ಚಬೇಡಿರಿ. ನಾಯಿಗಳನ್ನು ಕಾಡಿಗೆ ಬಿಡಬೇಡಿರಿ.

ಈ ಮಾತು ಜಗಳೂರಿಗಷ್ಟೇ ಅಲ್ಲ, ಚನ್ನಗಿರಿಯ ಸೂಳೆಕೆರೆಯ ಅಂಚಿಗೂ ಹೊನ್ನಾಳಿ, ನ್ಯಾಮತಿಯ ಹಳ್ಳದ ದಂಡೆಗಳಿಗೂ ಸಲ್ಲುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ನೆಲೆಗಳ ದಾಖಲೆಯನ್ನು ಅದು ಇಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ನಮ್ಮೂರ ಗೋಮಾಳ, ಕೆರೆಯಂಗಳ, ಹಳ್ಳಗಳು ಆ ದಾಖಲೆಯಲ್ಲಿ ಇವೆಯೇ? ಇಲ್ಲವಾದರೆ ಅಂದೇ ಬರೆಸಿರಿ.