ಕಡಲೆಕಾಯಿಯ ವಿಷಕ್ಕೆ ಮಣ್ಣಿನಲ್ಲೇ ಮದ್ದು

ಬಡವರ ಬಾದಾಮಿ ಎನಿಸಿದ ಕಡಲೆಕಾಯಿಗೆ ಬೂಷ್ಟು ಹಿಡಿದರೆ ಅದೇ ವಿಷವಾಗುತ್ತದೆ. ಆಸ್ಪರ್ಜಿಲಸ್ ಎಂಬ ಬೂಷ್ಟು ಉಂಟುಮಾಡುವ ಅಫ್ಲಾಟಾಕ್ಸಿನ್ ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣವಾಗಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆಯೇ, ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾದದ್ದು. ಹುರಿದರೂ ಬೇಯಿಸಿದರೂ ಇದು ಪೂರ್ತಿ ನಾಶವಾಗದು.

ಸುಕ್ಕಿದ, ಬಣ್ಣಗೆಟ್ಟ ಬೀಜಗಳನ್ನು ನೀವು ಆರಿಸಿ ಎಸೆಯಲೇಬೇಕು. ಆದರೆ ಕಣ್ಣಿಗೆ ಕಾಣದ ವಿಷವನ್ನು ಆರಿಸುವುದು ಹೇಗೆ? ಆದ್ದರಿಂದ ಚಿಕಿತ್ಸೆ ಹೊಲದಲ್ಲೇ ಆರಂಭವಾಗಬೇಕು. ಬೂಷ್ಟು ಇರುವುದು ಮಣ್ಣಿನಲ್ಲಿ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಒಳನುಗ್ಗುತ್ತದೆ. ಅದರ ವೈರಿಗಳೂ ಅದೇ ಮಣ್ಣಿನಲ್ಲಿವೆ. ಸೂಡೊಮೊನಾಸ್, ಬ್ಯಾಸಿಲಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಬೂಷ್ಟಿನ ಜಾಗ, ಆಹಾರಗಳನ್ನು ಕಸಿದುಕೊಳ್ಳುತ್ತವೆ. ಅದರ ಬೆಳವಣಿಗೆ ತಡೆಯುವ ರಾಸಾಯನಿಕಗಳನ್ನೂ ಸ್ರವಿಸುತ್ತವೆ. ಇವನ್ನು ಬಿತ್ತನೆ ಬೀಜಕ್ಕೆ ಲೇಪಿಸಬಹುದು, ಕೊಟ್ಟಿಗೆ ಗೊಬ್ಬರದೊಂದಿಗೆ ಹೊಲಕ್ಕೆ ಹಾಕಬಹುದು.

ಇದೊಂದೇ ಸಾಲದು. ಕಿತ್ತ ಕಾಯಿಯನ್ನು ಬೀಜದ ತೇವಾಂಶ ಶೇ. 8ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಆದರೆ ಒಳ್ಳೆಯ ಕಾಯಿಗೂ ಬೂಷ್ಟು ಕಾಯಿಗೂ ಒಂದೇ ದರ ಸಿಕ್ಕರೆ ಯಾವ ರೈತ ಇಷ್ಟು ಶ್ರಮಪಟ್ಟಾನು? ಹೊರದೇಶಕ್ಕೆ ಹೋಗುವ ಕಡಲೆಬೀಜವನ್ನು ಪರೀಕ್ಷಿಸಿ ಕಳಿಸುತ್ತೇವೆ. ನಮ್ಮ ಮಕ್ಕಳು ತಿನ್ನುವ ಚಿಕ್ಕಿಗೂ ಅದೇ ಕಟ್ಟುನಿಟ್ಟು ಬೇಡವೆ?