ಹುಡುಗಿಯರ ಗದ್ದದ ಕೂದಲಿನ ಬಗ್ಗೆಯೂ ಮಾತಾಡೋಣ



ಕೂದಲು ಅಂದರೆ ನಮ್ಮ ಚಳವಳಿಗೆ ನೆನಪಾಗೋದು ಎರಡೇ, ಕ್ಷೌರದಂಗಡಿ ಮತ್ತು ಮೀಸೆ. 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಲು ಹೋದ ನಮ್ಮ ಹುಡುಗನನ್ನು ಕತ್ತರಿಯಿಂದ ಇರಿದು ಕೊಂದಾಗ ಬೀದಿಗಿಳಿದೆವು. 2017ರಲ್ಲಿ ಗುಜರಾತಿನಲ್ಲಿ ಮೀಸೆ ಬಿಟ್ಟಿದ್ದಕ್ಕೆ ದಲಿತ ಹುಡುಗರ ಮೇಲೆ ಹಲ್ಲೆಯಾದಾಗ ಮೀಸೆಯ ಡಿಪಿ ಹಾಕಿದೆವು. ಮಾಡಬೇಕಾದದ್ದೇ. ಆದರೆ ನಮ್ಮದೇ ಓಣಿಯ ಹುಡುಗಿಯ ಗದ್ದದ ಮೇಲೆ ಕೂದಲು ಬಂದರೆ "ಏನವ್ವಾ, ಗಡ್ಡ ಬಿಟ್ಟಿಯೇನು?" ಅಂತ ನಗೋರು ಯಾರು? ಮೇಲ್ಜಾತಿಯವರಷ್ಟೇ ಅಲ್ಲರಿ, ಅದೇ ಡಿಪಿ ಹಾಕಿದ ನಮ್ಮ ತಮ್ಮಂದಿರೂ ಅದಾರ.

ಸಾಲೋಟಗಿಯ ನಮ್ಮ ಓಣಿಯ ಹುಡುಗಿಯೊಬ್ಬಳು, ಹೆಸರು ಬರೆಯೋದಿಲ್ಲ, ಇದೇ ಕಾರಣಕ್ಕೆ ಇಂಡಿಯ ಕಾಲೇಜಿಗೆ ಹೋಗೋದು ಬಿಟ್ಟಿದ್ದಳು. ಅವರವ್ವ ಬಂದು "ಅಕ್ಕಾರ, ಲೇಸರ್ ಮಾಡಸ್ತೀನ್ರಿ, ಸಂಘದಾಗ ಸಾಲ ಎತ್ತತೀನಿ" ಅಂದಳು. ಮುಟ್ಟು ಸರಿಯಾಗಿ ಆಗತೈತೇನು ಅಂತ ಕೇಳಿದೆ. ನಾಕು ತಿಂಗಳಾತು, ಆಗಿಲ್ಲ ಅಂದಳು. ಮಷೀನ್ ಇಟ್ಟುಕೊಂಡ ಪಾರ್ಲರಿನವರು ಈ ಪ್ರಶ್ನೆ ಕೇಳಿರಲೇ ಇಲ್ಲ. ಕೇಳಿದ್ದು, ಅಡ್ವಾನ್ಸ್ ಎಷ್ಟು ಕಟ್ತೀರಿ ಅಂತ.

ನಮ್ಮೂರಿನ 945ರ ಶಾಸನ ಇಲ್ಲೊಂದು ದೊಡ್ಡ ವಿದ್ಯಾಶಾಲೆ ಇತ್ತು ಅಂತ ಹೇಳುತ್ತದೆ. ಊರವರಿಗೆ ಭಾಳ ಹೆಮ್ಮೆ. ಅಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ. ಸಾವಿರ ವರ್ಷದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾಲ್ಕು ಕೂದಲಿಗೆ ಹೆದರಿ ಮನೆಯಲ್ಲಿ ಕೂತಳು ಅಂದರೆ, ಇದನ್ನು ಬ್ಯೂಟಿ ವಿಷಯ ಅಂತ ತಳ್ಳಿಹಾಕೋದು ಹೆಂಗ?

ಹೆಣ್ಣಿನ ಮೈಯಲ್ಲೂ ಆಂಡ್ರೋಜನ್ ಎಂಬ ಹಾರ್ಮೋನು ಸ್ವಲ್ಪ ಇರುತ್ತದೆ. ಅದು ಹೆಚ್ಚಾದರೆ ಗದ್ದ, ಮೇಲ್ದುಟಿ, ಎದೆ, ಕೆಳಹೊಟ್ಟೆಯಲ್ಲಿ ಒರಟು ಕೂದಲು ಬರುತ್ತದೆ. ಹೆಚ್ಚಿನವರಲ್ಲಿ ಕಾರಣ ಪಿಸಿಓಎಸ್. ಮುಟ್ಟು ಏರುಪೇರು, ಮೊಡವೆ, ಕುತ್ತಿಗೆ ಹಿಂದೆ ಕಪ್ಪಾಗುವುದು ಜೊತೆಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯೂ ಇದರಲ್ಲಿ ಹೆಚ್ಚು. ಕೂದಲು ಒಮ್ಮೆಲೇ ಬೆಳೆದು ದನಿಯೂ ಗಡಸಾದರೆ ತಡ ಮಾಡಲೇಬಾರದು. ಕೆಲವರಿಗೆ ರೋಗವೇ ಇರುವುದಿಲ್ಲ, ಮನೆತನದಲ್ಲೇ ಬಂದಿರುತ್ತದೆ. ಬ್ಲೇಡ್ ಹಾಕಿದರೆ ದಪ್ಪ ಬರುತ್ತದೆ ಅನ್ನೋದು ಸುಳ್ಳು.

ಇನ್ನು ಲೇಸರ್. ಕೂದಲಿನ ಕಪ್ಪು ಬಣ್ಣ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಬುಡ ಸುಡುತ್ತದೆ. ಬಿಳಿ ಕೂದಲಿಗೆ ಇದು ನಡೆಯೋದಿಲ್ಲ. ಅದೇ ಕಪ್ಪು ನಮ್ಮ ಚರ್ಮದಲ್ಲೂ ಇದೆಯಲ್ಲ, ಬಿಸಿಲಾಗ ದುಡಿಯೋ ಮೈ ನಮ್ಮದು. ಬಿಳಿ ಚರ್ಮಕ್ಕೆ ಇಟ್ಟ ಲೆಕ್ಕದಲ್ಲಿ ಹೊಡೆದರೆ ಸುಟ್ಟು ಕಲೆ ಉಳಿಯುತ್ತದೆ. ಕಪ್ಪು ಮೈಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಮಷೀನು, ಹೊಡೆಯೋರು ಯಾರು, ಚರ್ಮರೋಗ ವೈದ್ಯರು ಇದ್ದಾರೆಯೇ ಅಂತ ಕೇಳ್ರಿ. ಕ್ಲಿನಿಕ್ ಅಂದಮೇಲೆ 2007ರ ರಾಜ್ಯದ ಕಾಯ್ದೆ ಪ್ರಕಾರ ನೋಂದಣಿ ಇರಲೇಬೇಕು, ಅದನ್ನೂ ಕೇಳ್ರಿ. ಬೆಳೆಯುವ ಹಂತದ ಕೂದಲು ಮಾತ್ರ ಸಾಯುವುದರಿಂದ ಸಾಮಾನ್ಯವಾಗಿ ಆರೆಂಟು ಸಲ, ನಾಲ್ಕಾರು ವಾರಕ್ಕೊಮ್ಮೆ ಹೋಗಬೇಕು. ಒಂದೇ ಸಲಕ್ಕೆ ಶಾಶ್ವತ ಅನ್ನೋರನ್ನು ನಂಬಬೇಡಿ. ಹಾರ್ಮೋನು ಸರಿಹೋಗದಿದ್ದರೆ ಮತ್ತೆ ಬರುತ್ತದೆ. ಕೆಲವರಿಗೆ ಮುಖದ ಮೇಲೆ ಹೆಚ್ಚಾದದ್ದೂ ಉಂಟು.

ಕೆಲವು ಸಂಗಾತಿಗಳು ಇದೆಲ್ಲ ಕಾರ್ಪೊರೇಟ್ ಸೌಂದರ್ಯ, ಬಹಿಷ್ಕರಿಸಿ ಅಂತಾರೆ. ಮುಖ ಮುಚ್ಚಿಕೊಂಡು ಬಸ್ ಹತ್ತೋ ಗರಜು ಇಲ್ಲದವರಿಗೆ ಆ ಮಾತು ಸಲೀಸು. ತೆಗೆಸೋದು, ಬಿಡೋದು ಆ ಹುಡುಗಿಯ ಇಷ್ಟ. ಆದರೆ ಸಾಲ ಮಾಡೋ ಮುಂಚೆ ಅವಳಿಗೆ ಪರೀಕ್ಷೆ ಸಿಗಬೇಕು. ಇಂಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಾರ್ಮೋನು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಪುಕ್ಕಟೆ ಆಗಬೇಕು, ಹಾಸ್ಟೆಲ್‌ಗಳಿಗೆ ವರ್ಷಕ್ಕೊಮ್ಮೆಯಾದರೂ ಮಹಿಳಾ ವೈದ್ಯರು ಬರಬೇಕು. ನಾನು ಆಫೀಸಿನಲ್ಲಿ ದಿನಾ ಅರ್ಜಿ ಟೈಪ್ ಮಾಡೋಳು, ಈ ಅರ್ಜಿಯನ್ನೂ ಟೈಪ್ ಮಾಡಿಟ್ಟಿದ್ದೀನಿ. ಸಮಾಜ ಕಲ್ಯಾಣ ಇಲಾಖೆಗೆ ಒಂದು, ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಗೆಳತಿಯರು ಇನ್‌ಬಾಕ್ಸ್‌ಗೆ ಬಂದರೆ ಪ್ರತಿ ಕಳಿಸ್ತೀನಿ, ನಿಮ್ಮ ತಾಲ್ಲೂಕಿನ ಹೆಸರು ಹಾಕಿ ಸಹಿ ಮಾಡ್ರಿ. ತಮ್ಮಂದಿರೂ ಸಹಿ ಹಾಕಬಹುದು.