ದುಡ್ಡಿಗೆ ಸಿಗದ ಎಂಜಿನ್ (ಭಾಗ 3)

ಸೈನ್ಸ್ ಪೋಸ್ಟ್ ಅಂತ ಸ್ಕ್ರೋಲ್ ಮಾಡ್ಬೇಡಿ, ಇದು ನಮ್ಮ ಬಿಕಾಂನೋರ ಕಥೆ. ಚಂದ್ರಯಾನ-3 ರಾಕೆಟ್‌ನಲ್ಲಿ ಎರಡು ತರದ ದ್ರವ ಇಂಧನ ಎಂಜಿನ್ ಇದ್ವು. ಒಂದರ ವಿದ್ಯೆ ದುಡ್ಡು ಕೊಡದೆ ಬಂತು, ಇನ್ನೊಂದರದ್ದು ದುಡ್ಡಿಗೂ ಬರಲಿಲ್ಲ.

ಮೊದಲನೇದು ವಿಕಾಸ್. ಹೈಡ್ರಜೀನ್ ಜಾತಿಯ ಇಂಧನ, ಆಕ್ಸಿಡೈಸರ್ ತಾಗಿದ್ರೆ ಸಾಕು, ಕಡ್ಡಿ ಗೀರದೇನೇ ಹೊತ್ಕೊಳ್ಳುತ್ತೆ. 1974ರ ಒಪ್ಪಂದದಲ್ಲಿ ಫ್ರಾನ್ಸ್ ತನ್ನ ವೈಕಿಂಗ್ ಎಂಜಿನ್ ವಿದ್ಯೆ ಕೊಡ್ತು. ಬದಲಿಗೆ ಇಸ್ರೋ ಎಂಜಿನಿಯರ್‌ಗಳು ಅವರಿಗೆ 100 ಮಾನವ-ವರ್ಷದಷ್ಟು ಕೆಲಸ ಮಾಡಿಕೊಟ್ರು. ಪಕ್ಕಾ ಬಾರ್ಟರ್! ದುಡೀತಾ ದುಡೀತಾನೇ ಕಲಿತು ಬಂದ್ರು.

ಎರಡನೇದು ಕ್ರಯೋಜೆನಿಕ್. ಹೈಡ್ರೋಜನ್ ದ್ರವ ಆಗೋದು ಮೈನಸ್ 253 ಡಿಗ್ರಿಯಲ್ಲಿ. 1991ರಲ್ಲಿ, ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, ಸೋವಿಯತ್ ಗ್ಲಾವ್‌ಕಾಸ್ಮಾಸ್ ಜೊತೆ ದುಡ್ಡಿನ ಒಪ್ಪಂದ ಆಯ್ತು. ಅಮೆರಿಕ ಅಡ್ಡಗಾಲು ಹಾಕ್ತು. 1993ರಲ್ಲಿ ತಂತ್ರಜ್ಞಾನ ಕೈತಪ್ಪಿ, ಸಿಕ್ಕಿದ್ದು 7 ರೆಡಿಮೇಡ್ ಎಂಜಿನ್. ನಮ್ಮದೇ ಕ್ರಯೋಜೆನಿಕ್ ಎಂಜಿನ್‌ನ ರಾಕೆಟ್ ಗೆದ್ದಿದ್ದು 2014ರ ಜನವರಿ 5ಕ್ಕೆ.

ಈಗ ಬಿಡದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಂಟರ್ನ್‌ಶಿಪ್ ಅಂದ್ರೆ ನಾವೆಲ್ಲ ಕೇಳೋದು ‘ಸ್ಟೈಪೆಂಡ್ ಎಷ್ಟು?’ ಅಂತ ಮಾತ್ರ. ‘ಯಾವ ಕೆಲಸ ಕಲಿಸ್ತೀರಾ?’ ಅಂತಾನೂ ಕೇಳ್ರಪ್ಪಾ. (ಬರೀ ಜೆರಾಕ್ಸ್ ಮಾಡಿಸೋ ಕಂಪನಿಗಳಿಗೆ ಮಾತ್ರ ಈ ಪೋಸ್ಟ್ ತೋರಿಸ್ಬೇಡಿ, ಫ್ರಾನ್ಸ್ ಕಥೆ ಹೇಳಿ ಸ್ಟೈಪೆಂಡೂ ಕಟ್ ಮಾಡ್ತಾರೆ.)